ಹೆಸರಿಡುವ ಮುನ್ನ

ಸೊಸೆಯ ಹೆಸರೂ ಅತ್ತೆಯ ಹೆಸರೂ ಒಂದೇ ಆದರೆ, ಮದುವೆಯಲ್ಲಿಯೇ ಸೊಸೆಗೆ ಬೇರೊಂದು ಹೆಸರಿಡುವ ಪದ್ಧತಿ ಕನ್ನಡ ನಾಡಿನ ಅನೇಕ ಮನೆತನಗಳಲ್ಲಿತ್ತು. ಒಂದೇ ಕೂಗಿಗೆ ಇಬ್ಬರು ಓಗೊಡುವ ಪೇಚನ್ನು ತಪ್ಪಿಸಲು ಹಿರಿಯರು ಕಂಡುಕೊಂಡ ಉಪಾಯವದು. ಗಣಕಯಂತ್ರದ ಸಂಸಾರದಲ್ಲಿಯೂ ಈ ವಿವೇಕ ಅವಶ್ಯವೆಂಬುದನ್ನು ಹಲವರು ನಷ್ಟಪಟ್ಟ ಮೇಲೆಯೇ ಕಲಿಯುತ್ತಾರೆ.

ಅಂಗಡಿಯ ಲೆಕ್ಕ, ಬ್ಯಾಂಕಿನ ಖಾತೆ, ರೈಲಿನ ಟಿಕೆಟು ಮುಂತಾದುವೆಲ್ಲ ಇಂದು ದತ್ತಸಂಚಯದ ಕೋಷ್ಟಕಗಳಲ್ಲಿ ಅಡಗಿವೆ. ಅವನ್ನು ಮಾತನಾಡಿಸುವ ಭಾಷೆಯೇ ಎಸ್‌ಕ್ಯೂಎಲ್. 1974ರಲ್ಲಿ ಐಬಿಎಂ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಲೋಕಕ್ಕೆ ಪರಿಚಯಿಸಿದ ಈ ಭಾಷೆಗೆ 1986ರಲ್ಲಿ ಅಮೆರಿಕದಲ್ಲಿ ಪ್ರಮಾಣರೂಪ ದೊರೆಯಿತು. ಸೆಲೆಕ್ಟ್, ಆರ್ಡರ್, ಗ್ರೂಪ್, ಯೂಸರ್ ಮೊದಲಾದ ಪದಗಳನ್ನು ಅದು ತನ್ನ ಸ್ವಂತ ಬಳಕೆಗೆ ಕಾದಿರಿಸಿಕೊಂಡಿದೆ.

ಗಿರಾಕಿಗಳ ಬೇಡಿಕೆಯ ಕೋಷ್ಟಕಕ್ಕೆ ‘ಆರ್ಡರ್’ ಎಂದು ಹೆಸರಿಡುವುದು ಸಹಜವೇ. ಆದರೆ ಯಂತ್ರಕ್ಕೆ ಅದು ಹೆಸರಲ್ಲ. ‘ಕ್ರಮವಾಗಿ ಜೋಡಿಸು’ ಎಂಬ ಆಜ್ಞೆಯ ಮೊದಲ ಪದ. ವಾಕ್ಯವೇ ತಪ್ಪೆಂದು ಅದು ಮುನಿದು ನಿಲ್ಲುತ್ತದೆ. ಈ ಮುನಿಸಾದರೂ ಲೇಸು, ಕಣ್ಣಿಗೆ ಕಾಣುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ‘ಯೂಸರ್’ ಕೋಷ್ಟಕದಲ್ಲಿರುವುದನ್ನೆಲ್ಲ ತೋರಿಸೆಂದರೆ, ಸಾವಿರಾರು ಸದಸ್ಯರ ಬದಲಿಗೆ, ಕೇಳಿದವನು ಯಾವ ಹೆಸರಿನಿಂದ ಒಳಹೊಕ್ಕಿದ್ದಾನೋ ಆ ಹೆಸರೊಂದೇ ಪ್ರತ್ಯಕ್ಷವಾಗುತ್ತದೆ! ತಪ್ಪಾಯಿತೆಂಬ ಸುಳಿವೇ ಇಲ್ಲ.

ಹೆಸರನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಯಂತ್ರ ಒಪ್ಪುತ್ತದೆ, ನಿಜ. ಆದರೆ ಅದನ್ನು ಪ್ರತಿಯೊಬ್ಬರೂ ಪ್ರತಿ ಸಲವೂ ನೆನಪಿಡಬೇಕು. ಸಾಲದೆಂಬಂತೆ, ಮೈಎಸ್‌ಕ್ಯೂಎಲ್‌ನ ವಾಡಿಕೆಯ ಚಿಹ್ನೆ ಬೇರೆ, ಎಸ್‌ಕ್ಯೂಎಲ್ ಸರ್ವರ್‌ನ ವಾಡಿಕೆಯ ಚಿಹ್ನೆ ಬೇರೆ.

‘ಗ್ರೂಪ್’ ಬೇಡವೆಂದು ಬಹುವಚನದಲ್ಲಿ ‘ಗ್ರೂಪ್ಸ್’ ಎಂದಿಟ್ಟು ಪಾರಾದೆವೆಂದುಕೊಂಡ ಜಾಣರೂ ಉಂಟು. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0 ಆವೃತ್ತಿಯು ‘ಗ್ರೂಪ್ಸ್’, ‘ರ‍್ಯಾಂಕ್’ ಎಂಬ ಪದಗಳನ್ನೂ ಕಾದಿರಿಸಿಕೊಂಡಿತು. ಅದುವರೆಗೆ ನೆಟ್ಟಗೆ ನಡೆಯುತ್ತಿದ್ದ ವಾಕ್ಯಗಳು, ಒಂದಕ್ಷರವೂ ಬದಲಾಗದೆ, ದೋಷಯುಕ್ತವಾದವು.

ಆದುದರಿಂದ ಬರಿಯ ‘ಆರ್ಡರ್’ ಎನ್ನದೆ ‘ಕಸ್ಟಮರ್ ಆರ್ಡರ್’ ಎಂಬಂತೆ, ವ್ಯವಹಾರದ ಗುರುತು ಹೊತ್ತ ಎರಡು ಪದಗಳನ್ನು ಅಡಿಗೆರೆಯಿಂದ ಬೆಸೆದು ಹೆಸರಿಡುವುದು ಕ್ಷೇಮ. ಹೊಸ ಆವೃತ್ತಿಗೆ ದಾಟುವ ಮುನ್ನ ಕಾದಿರಿಸಿದ ಪದಗಳ ಪಟ್ಟಿಯನ್ನು ನೋಡುವುದು ಇನ್ನೂ ಕ್ಷೇಮ.

ಸೊಸೆ ಮನೆ ಹೊಕ್ಕು ಹತ್ತು ವರ್ಷವಾದ ಮೇಲೆ ಹೆಸರು ಬದಲಿಸಹೊರಟರೆ, ಪಡಿತರ ಚೀಟಿಯಿಂದ ಬ್ಯಾಂಕಿನ ಪುಸ್ತಕದವರೆಗೆ ಎಲ್ಲವನ್ನೂ ತಿದ್ದಬೇಕಾಗುತ್ತದೆ. ಹಳೆಯ ಕೋಷ್ಟಕದ ಪಾಡೂ ಅಷ್ಟೇ: ಅದನ್ನು ಹೆಸರಿಟ್ಟು ಕರೆಯುವ ನೂರಾರು ವಾಕ್ಯಗಳನ್ನು ಹುಡುಕಿ ತಿದ್ದಬೇಕು. ಮೊದಲ ದಿನದ ಎರಡು ನಿಮಿಷದ ಯೋಚನೆ ಮುಂದಿನ ಎಷ್ಟೋ ರಾತ್ರಿಗಳ ನಿದ್ದೆಯನ್ನು ಉಳಿಸುತ್ತದೆ.