ಕೈಗೆ ಒಗ್ಗುವ ಕತ್ತರಿ

ಮನುಷ್ಯನ ಕೈ ಬಲು ಸಮರ್ಥವಾದುದು. ಆದರೂ ಬರಿಗೈಯಿಂದ ಅವನು ಸಾಧಿಸಿದ್ದು ಸ್ವಲ್ಪವೇ. ಕಲ್ಲನ್ನು ಕಡೆಯಲು ಉಳಿ, ನೆಲವನ್ನು ಉಳಲು ನೇಗಿಲು, ಬಟ್ಟೆಯನ್ನು ನೇಯಲು ಮಗ್ಗ, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಉಪಕರಣವನ್ನು ಅವನು ಕಂಡುಕೊಂಡನು. ಉಪಕರಣವು ಕೈಗೆ ಒಗ್ಗಿದರೆ ಕೆಲಸ ಹಗುರವಾಗುತ್ತದೆ; ಒಗ್ಗದಿದ್ದರೆ ಬಲ್ಲವನ ಕೈಯೂ ಸೋಲುತ್ತದೆ. ಇದು ಎಲ್ಲರೂ ಬಲ್ಲ ಮಾತು. ಆದರೆ ಮಕ್ಕಳ ಕೈಗೆ ಉಪಕರಣಗಳನ್ನು ಕೊಡುವಾಗ ಹಿರಿಯರು ಇದನ್ನು ಮರೆಯುವುದುಂಟು. ಕಾಗದದ ಕೆಲಸದಂಥ ಸಣ್ಣ ವಿಷಯದಲ್ಲಂತೂ ಇದನ್ನು ಯೋಚಿಸುವವರು ವಿರಳ.

ದಾವಣಗೆರೆಯ ಎಸ್.ಎಸ್. ಬಡಾವಣೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಸಂಕ್ರಾಂತಿ ಹತ್ತಿರ ಬಂದಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎಳ್ಳುಬೆಲ್ಲದ ಜೊತೆಗೆ ಗೆಳತಿಯರಿಗೆ ಕೊಡಲು ಶುಭಾಶಯ ಪತ್ರಗಳನ್ನು ತಾನೇ ಮಾಡಬೇಕೆಂದು ಪಡಸಾಲೆಯಲ್ಲಿ ಕುಳಿತಿದ್ದಾಳೆ. ಚಿತ್ರ ಚೆನ್ನಾಗಿ ಮೂಡಿದೆ. ಕತ್ತರಿಸುವಲ್ಲಿ ಮಾತ್ರ ಎಲ್ಲವೂ ಕೆಡುತ್ತಿದೆ. ಕಾಗದವು ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ, ಅಂಚು ಹಲ್ಲುಹಲ್ಲಾಗುತ್ತದೆ. “ಈ ಕತ್ತರಿ ಸರಿಯಿಲ್ಲ” ಎಂದು ಅವಳು ಗೊಣಗಿದಾಗ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ತಾಯಿ ನಗುತ್ತಾಳೆ. ಹುಡುಗಿಯ ಮುಖ ಬಾಡುತ್ತದೆ. ಶಾಲೆಯಲ್ಲಿಯೂ ಅವಳು ಕೇಳಿದ ಮಾತು ಇದೇ: ಕೈ ಒರಟು, ಕೆಲಸದಲ್ಲಿ ಅಚ್ಚುಕಟ್ಟಿಲ್ಲ.

ಬಹುಕಾಲ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮಾಡಿದ ಅಜ್ಜ ಅಲ್ಲಿಯೇ ಕುಳಿತಿದ್ದಾನೆ. ಅವನು ಕತ್ತರಿಯನ್ನು ತೆಗೆದುಕೊಂಡು ಒಂದು ಚೂರು ಕಾಗದವನ್ನು ಕತ್ತರಿಸಿ ನೋಡುತ್ತಾನೆ. ಅಂಚು ನೇರವಾಗಿ ಬರುತ್ತದೆ. ಮತ್ತೆ ಅದನ್ನು ಮೊಮ್ಮಗಳ ಕೈಗೆ ಕೊಟ್ಟು, ಅವಳು ಹಿಡಿಯುವ ಬಗೆಯನ್ನು ಗಮನಿಸುತ್ತಾನೆ. ಬಳಿಕ ಮೆಲ್ಲನೆ ಹೇಳುತ್ತಾನೆ: “ತಪ್ಪು ನಿನ್ನ ಕೈಯದಲ್ಲವ್ವ. ನೀನು ಎಡಗೈಯವಳು, ಇದು ಬಲಗೈಯವರ ಕತ್ತರಿ.”

ಕತ್ತರಿಯಲ್ಲಿಯೂ ಎಡ ಬಲಗಳ ಭೇದವುಂಟೆ ಎಂದು ಕೆಲವರಿಗೆ ಆಶ್ಚರ್ಯವಾಗಬಹುದು. ಉಂಟು. ಸಾಮಾನ್ಯ ಕತ್ತರಿಯನ್ನು ಮುಂದಕ್ಕೆ ಚಾಚಿ ಹಿಡಿದಾಗ ಮೇಲಿನ ಅಲಗು ಬಲಗಡೆಗೆ ಇರುತ್ತದೆ. ಬಲಗೈಯಿಂದ ಅದನ್ನು ಒತ್ತುವಾಗ ಹೆಬ್ಬೆರಳು ಹೊರಕ್ಕೂ ಉಳಿದ ಬೆರಳುಗಳು ಒಳಕ್ಕೂ ತುಸು ತಳ್ಳುತ್ತವೆ. ಆ ಒತ್ತಡದಿಂದ ಎರಡು ಅಲಗುಗಳೂ ಪರಸ್ಪರ ಬಿಗಿಯಾಗಿ ತಾಗುತ್ತವೆ. ಅದೇ ಕತ್ತರಿಯನ್ನು ಎಡಗೈಯಿಂದ ಒತ್ತಿದರೆ ಅದೇ ಒತ್ತಡ ಅಲಗುಗಳನ್ನು ದೂರ ಸರಿಸುತ್ತದೆ. ನಡುವೆ ಸಿಕ್ಕ ಕಾಗದ ತುಂಡಾಗುವ ಬದಲು ಮಡಚಿಕೊಳ್ಳುತ್ತದೆ. ಕತ್ತರಿಸಬೇಕಾದ ಗೆರೆಯೂ ಅಲಗಿನ ಮರೆಯಲ್ಲಿ ಅಡಗಿ ಕಾಣದಾಗುತ್ತದೆ. ಕತ್ತರಿಯನ್ನು ಮಗುಚಿ ಹಿಡಿದರೂ ಈ ದೋಷ ಹೋಗುವುದಿಲ್ಲ. ಅಲಗುಗಳನ್ನೇ ಅದಲುಬದಲು ಜೋಡಿಸಿದ ಎಡಗೈ ಕತ್ತರಿಯೇ ಇದಕ್ಕೆ ಪರಿಹಾರ. ಜಗತ್ತಿನಲ್ಲಿ ಸುಮಾರು ಹತ್ತು ಜನರಲ್ಲಿ ಒಬ್ಬರು ಎಡಗೈಯವರು. ಹಾಗಿದ್ದರೆ ಐವತ್ತು ಮಕ್ಕಳ ತರಗತಿಯಲ್ಲಿ ನಾಲ್ಕೈದು ಮಕ್ಕಳಾದರೂ ತಮ್ಮದಲ್ಲದ ತಪ್ಪಿಗೆ ನಿಂದೆಯನ್ನು ಕೇಳುತ್ತಿರಬಹುದಲ್ಲವೆ?

ನೆಲ ಡೊಂಕೆಂದು ನೆಪ ಹೇಳುವವರು ಇದ್ದಾರೆ ಎಂಬುದು ನಿಜ. ಆದರೆ ಕೆಲವೊಮ್ಮೆ ನೆಲವೇ ನಿಜವಾಗಿ ಡೊಂಕಾಗಿರುತ್ತದೆ. ಕುಣಿಯುವವಳನ್ನು ಹಳಿಯುವ ಮೊದಲು ಒಮ್ಮೆ ನೆಲವನ್ನು ನೋಡುವುದು ನ್ಯಾಯ.

ಆದುದರಿಂದ ಉಪಕರಣವನ್ನು ಕೊಳ್ಳುವ ಮೊದಲು ಪರೀಕ್ಷಿಸುವುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯಬೇಕು. ಈ ಪರೀಕ್ಷೆ ಕಠಿನವೇನಲ್ಲ. ಕತ್ತರಿಯನ್ನು ಅರ್ಧ ಮುಚ್ಚಿ ಬೆಳಕಿಗೆ ಹಿಡಿಯಬೇಕು. ಒಳ್ಳೆಯ ಕತ್ತರಿಯ ಅಲಗುಗಳು ತುಸುವೇ ಬಾಗಿರುತ್ತವೆ. ಅವುಗಳ ನಡುವೆ ಸಣ್ಣ ಸಂದಿಯಿದ್ದು, ಮುಚ್ಚುತ್ತ ಹೋದಂತೆ ತಾಗುವ ಬಿಂದು ಬುಡದಿಂದ ತುದಿಯವರೆಗೆ ಸರಿಯುತ್ತ ಹೋಗುತ್ತದೆ. ಅನಂತರ ತೆಳುವಾದ ಕಾಗದವೊಂದನ್ನು ಅಲಗಿನ ಪೂರ್ಣ ಉದ್ದಕ್ಕೂ ಕತ್ತರಿಸಿ ನೋಡಬೇಕು. ತುದಿಯಲ್ಲಿ ಕಾಗದ ಸಿಕ್ಕಿಕೊಂಡರೆ ಆ ಕತ್ತರಿ ಹೂವಿನ ಎಸಳನ್ನು ಬಿಡಿಸಲು ಬಾರದು. ಬೆರಳುಗಳು ಹಿಡಿಯ ಕಣ್ಣಿನಲ್ಲಿ ಸರಾಗವಾಗಿ ಆಡಬೇಕು. ಒಮ್ಮೆ ಕಾಗದಕ್ಕೆಂದು ಇಟ್ಟ ಕತ್ತರಿಯನ್ನು ಬಟ್ಟೆಗೆ ಬಳಸಬಾರದು. ಕಾಗದವನ್ನು ನುಣುಪುಗೊಳಿಸಲು ಜೇಡಿ, ಸುಣ್ಣಗಲ್ಲಿನ ಪುಡಿ ಮೊದಲಾದವನ್ನು ಸೇರಿಸಿರುತ್ತಾರೆ. ಅವು ಅಲಗಿನ ಹರಿತವನ್ನು ಸವೆಸುತ್ತವೆ. ದರ್ಜಿಗಳು ತಮ್ಮ ಕತ್ತರಿಯಿಂದ ಕಾಗದವನ್ನು ಕತ್ತರಿಸಗೊಡದಿರುವುದು ಜಿಪುಣತನದಿಂದಲ್ಲ.

ದಪ್ಪ ರಟ್ಟಿಗೆ ಕತ್ತರಿಗಿಂತ ಚಾಕು ಮೇಲು. ಮೊಂಡು ಅಲಗು ಸುರಕ್ಷಿತವೆಂದು ಹಲವರು ತಿಳಿಯುತ್ತಾರೆ, ಅದು ತಪ್ಪು. ಮೊಂಡಾದುದನ್ನು ಬಲವಾಗಿ ಒತ್ತಬೇಕಾಗುತ್ತದೆ, ಒತ್ತಿದಾಗ ಅದು ಜಾರುತ್ತದೆ, ಜಾರಿದಾಗ ಕೈ ಕೊಯ್ಯುತ್ತದೆ. ಹರಿತವಾದ ಅಲಗನ್ನು ಹಗುರವಾಗಿ ಮೂರು ನಾಲ್ಕು ಬಾರಿ ಎಳೆಯುವುದೇ ಸರಿಯಾದ ಕ್ರಮ. ಜೊತೆಗೆ ಉಕ್ಕಿನ ಅಳತೆಪಟ್ಟಿ ಇರಬೇಕು. ಪ್ಲಾಸ್ಟಿಕ್ ಪಟ್ಟಿಯ ಅಂಚನ್ನು ಚಾಕು ಕೆತ್ತಿಬಿಡುತ್ತದೆ. ಕೆಳಗೊಂದು ಹಳೆಯ ರಟ್ಟು, ಪಕ್ಕದಲ್ಲಿ ಹಿರಿಯರೊಬ್ಬರು ಇರುವುದು ಕ್ಷೇಮ. ಸವೆದ ಅಲಗನ್ನು ಹಾಗೆಯೇ ಕಸಕ್ಕೆ ಎಸೆಯದೆ ದಪ್ಪ ಕಾಗದದಲ್ಲಿ ಸುತ್ತಿ, ಅಂಟಿಸಿ, ಗುರುತು ಮಾಡಿ ಕೊಡಬೇಕು. ಬೆಳಗಿನಲ್ಲಿ ಬೀದಿಯ ಕಸವನ್ನೆತ್ತುವ ಪೌರಕಾರ್ಮಿಕರ ಕೈಯೂ ಕೈಯೇ.

ಉಪಕರಣದಂತೆ ಕಾಗದವನ್ನೂ ಪರೀಕ್ಷಿಸಬೇಕು. ಹರಿಹರದ ಬಳಿ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಮರದಿಂದ ತಿರುಳನ್ನು ತೆಗೆದು ಬಟ್ಟೆಯ ನಾರಿಗೆ ಒದಗಿಸುವ ಕಾರ್ಖಾನೆಯಿದೆ. ಕಾಗದವೂ ಅಂಥ ತಿರುಳಿನಿಂದಲೇ ಹುಟ್ಟುತ್ತದೆ. ಯಂತ್ರದ ಮೇಲೆ ಓಡುವಾಗ ಅದರ ನಾರುಗಳು ಬಹುಪಾಲು ಓಟದ ದಿಕ್ಕಿಗೇ ಮಲಗುತ್ತವೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲನೆ ಬಾಗಿಸಿದರೆ ಯಾವ ಕಡೆಗೆ ಅದು ಸುಲಭವಾಗಿ ಬಾಗುವುದೋ ಆ ಕಡೆಗೆ ಮಡಿಕೆ ನೇರವಾಗಿ ಬರುತ್ತದೆ. ಇನ್ನೊಂದು ಕಡೆಗೆ ಮಡಿಸಿದರೆ ನಾರು ಮುರಿದು ಅಂಚು ಬಿರಿಯುತ್ತದೆ. ದಪ್ಪ ಕಾಗದವನ್ನು ಮಡಿಸುವ ಮೊದಲು ಗೆರೆಯೆಳೆದು ತಗ್ಗು ಮಾಡಿಕೊಳ್ಳಬೇಕು. ಇದಕ್ಕಾಗಿ ನಯಗೊಳಿಸಿದ ಮೂಳೆಯ ಪಟ್ಟಿಯನ್ನು ಪುಸ್ತಕ ಕಟ್ಟುವವರು ಬಳಸುತ್ತಾರೆ. ಅದು ದೊರೆಯದಿದ್ದರೆ ಶಾಯಿ ಮುಗಿದ ಬಾಲ್‌ಪೆನ್ನು ಸಾಕು. ಮಡಿಕೆಯನ್ನು ಒತ್ತಲು ಚಮಚದ ಬೆನ್ನು ಸಾಕು. ಅಂಟಿನ ವಿಷಯದಲ್ಲಿಯೂ ಅಷ್ಟೆ. ಮೈದಾ ಸರಿ ಅಗ್ಗ, ಬಲವೂ ಉಂಟು. ಆದರೆ ತೆಳು ಕಾಗದವನ್ನು ಅದು ಸುಕ್ಕುಗಟ್ಟಿಸುತ್ತದೆ. ಒಂದು ಚೂರಿಗೆ ಹಚ್ಚಿ, ಮೇಲೆ ಭಾರವಿಟ್ಟು, ಮರುದಿನ ನೋಡಿದರೆ ಅದರ ಗುಣವೂ ದೋಷವೂ ತಿಳಿಯುತ್ತವೆ.

ಈಗ ಬೆಲೆಯ ಮಾತು. ಇಂದಿನ ಅಂಗಡಿಗಳಲ್ಲಿ ಹೂವಿನ ಆಕಾರ, ಚಿಟ್ಟೆಯ ಆಕಾರಗಳನ್ನು ಒಂದೇ ಒತ್ತಿಗೆ ತುಂಡರಿಸುವ ಸಾಧನಗಳಿವೆ. ನೂರೆಂಟು ವಸ್ತುಗಳನ್ನು ತುಂಬಿದ ಅಂದದ ಪೆಟ್ಟಿಗೆಗಳಿವೆ. ಅವು ಕೆಟ್ಟವೆಂದು ಹೇಳಲಾಗದು. ಒಂದೇ ಬಗೆಯ ನೂರು ಪತ್ರಗಳನ್ನು ಮಾಡಬೇಕಾದವರಿಗೆ ಅವು ಶ್ರಮವನ್ನು ಉಳಿಸುತ್ತವೆ. ಬೆರಳುಗಳಲ್ಲಿ ಶಕ್ತಿ ಸಾಲದವರಿಗೆ ನೆರವಾಗುತ್ತವೆ. ಆದರೆ ಕಲಿಯುವ ವಿದ್ಯಾರ್ಥಿಗೆ ಅವು ಮೊದಲ ಉಪಕರಣಗಳಾಗಬಾರದು. ಯಂತ್ರದೊಳಗಿನ ಚಿಟ್ಟೆ ಯಾವಾಗಲೂ ಒಂದೇ ಚಿಟ್ಟೆ. ಕತ್ತರಿಯಲ್ಲಿ ಅಡಗಿರುವ ಚಿಟ್ಟೆಗಳಿಗೆ ಲೆಕ್ಕವಿಲ್ಲ. ಪೆಟ್ಟಿಗೆಯಿಲ್ಲದ ಮಗು ತನಗೆ ಈ ವಿದ್ಯೆಯೇ ಸಲ್ಲದೆಂದು ಹಿಂಜರಿದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

1893ರಲ್ಲಿ ಟಿ. ಸುಂದರರಾಯರೆಂಬವರು ಮದರಾಸಿನಲ್ಲಿ ಕಾಗದ ಮಡಿಕೆಯ ಮೂಲಕ ರೇಖಾಗಣಿತವನ್ನು ಕಲಿಸುವ ಇಂಗ್ಲಿಷ್ ಗ್ರಂಥವೊಂದನ್ನು ಪ್ರಕಟಿಸಿದರು. ಅದರ ಅಭ್ಯಾಸಗಳಿಗೆ ಬೇಕಾದುದು ಒಂದು ಸಣ್ಣ ಚಾಕು ಮತ್ತು ಕಾಗದದ ಚೂರುಗಳು ಮಾತ್ರ. ಅಷ್ಟರಿಂದಲೇ ಅವರು ಚೌಕ, ಪಂಚಭುಜ, ಷಡ್ಭುಜಗಳನ್ನು ಮಡಿಸಿ ತೋರಿಸಿದರು. ಆ ಗ್ರಂಥ 1901ರಲ್ಲಿ ಅಮೆರಿಕದಲ್ಲಿಯೂ ಅಚ್ಚಾಯಿತು. ಸಾಧನದ ಅಲ್ಪತೆ ಸಾಧನೆಗೆ ಅಡ್ಡಿಯಾಗಲಿಲ್ಲ.

ಹಾಗೆಂದು ಯಾವ ಉಪಕರಣವಾದರೂ ಆದೀತೆಂಬ ಉದಾಸೀನವೂ ಸಲ್ಲದು. ದಾವಣಗೆರೆಯ ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು ತಯಾರಿಸಿ ಹೆಸರಾಯಿತು. ಇಂದು ಆ ಕಾರ್ಖಾನೆ ನಡೆಯುತ್ತಿಲ್ಲ. ಆದರೆ ಲೇತು ಕಲಿಸುವ ಪಾಠ ಹಳತಾಗಿಲ್ಲ. ಅದು ಬೇರೆ ಯಂತ್ರಗಳ ಭಾಗಗಳನ್ನು ಕಡೆಯುವ ಯಂತ್ರ. ಅದರಲ್ಲಿ ಕೂದಲೆಳೆಯಷ್ಟು ಲೋಪವಿದ್ದರೆ ಅದು ಕಡೆದ ಪ್ರತಿಯೊಂದು ಭಾಗದಲ್ಲಿಯೂ ಆ ಲೋಪ ಮೂಡುತ್ತದೆ. ಉಪಕರಣದ ದೋಷ ಹೀಗೆ ಕೆಲಸದಲ್ಲಿ ಇಳಿಯುತ್ತದೆ. ಕಬ್ಬಿಣಕ್ಕೆ ಸಲ್ಲುವ ಈ ನಿಯಮ ಕಾಗದಕ್ಕೂ ಸಲ್ಲುತ್ತದೆ.

ಅಗ್ಗದ್ದೋ ದುಬಾರಿಯದೋ ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಇದು ಈ ಕೆಲಸಕ್ಕೆ ತಕ್ಕುದೆ? ಇದು ಈ ಕೈಗೆ ತಕ್ಕುದೆ? ಪ್ರತಿಯೊಂದು ಶಾಲೆಯಲ್ಲಿಯೂ ಹತ್ತಾರು ಉಪಕರಣಗಳ ಒಂದು ಸಾಮಾನ್ಯ ಪೆಟ್ಟಿಗೆ ಇರುವುದು ಉಚಿತ. ಅದರಲ್ಲಿ ಎಡಗೈಯವರ ಕತ್ತರಿಗಳೂ ಎರಡಾದರೂ ಇರಲಿ. ಮಕ್ಕಳು ಅವನ್ನು ಹಿಡಿದು, ಬಳಸಿ, ಕೆಲವು ಹಾಳೆಗಳನ್ನು ಕೆಡಿಸಿಯಾದರೂ ತಮಗೆ ಒಗ್ಗುವುದು ಯಾವುದೆಂದು ಕಂಡುಕೊಳ್ಳಲಿ. ಹಾಗೆ ಕೆಟ್ಟ ಹಾಳೆಗಳನ್ನು ವ್ಯರ್ಥವೆನ್ನಲಾಗದು. ಅಂಗಡಿಯಿಂದ ಸಿದ್ಧ ಮಾದರಿಯನ್ನು ತಂದು ಒಪ್ಪಿಸಿ ಪಡೆದ ಅಂಕಗಳೇ ವ್ಯರ್ಥ.

ಎಸ್.ಎಸ್. ಬಡಾವಣೆಯ ಆ ಹುಡುಗಿಗೆ ಅಂದು ಎಡಗೈ ಕತ್ತರಿ ಸಿಕ್ಕಿರಲಾರದು. ಅಜ್ಜ ಪಕ್ಕದಲ್ಲಿ ಕುಳಿತು ಅವಳಿಗೆ ಚಾಕು ಹಾಗೂ ಉಕ್ಕಿನ ಪಟ್ಟಿಯನ್ನು ಕೊಟ್ಟಿರಬೇಕು. ಎರಡು ಕಡೆಯೂ ಒಂದೇ ಸಮನಾದ ಅಲಗಿಗೆ ಎಡ ಬಲಗಳ ಹಂಗಿಲ್ಲ. ಸಂಕ್ರಾಂತಿಯ ಸಂಜೆ ಗೆಳತಿಯರ ಮನೆಗಳಿಗೆ ಹೋದ ಆ ಪತ್ರಗಳ ಅಂಚು ನೇರವಾಗಿದ್ದಿರಬೇಕು. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ: ತನ್ನ ಕೈ ಒರಟಲ್ಲವೆಂದು ಅವಳು ಅಂದು ಅರಿತಳು. ಒಂದು ಕತ್ತರಿಯನ್ನು ಪರೀಕ್ಷಿಸಿ ನೋಡಿದ್ದರಿಂದ ದೊರೆತ ಲಾಭ ಇದು.