ಜಾತ್ರೆಗೆ ಬರುವ ಶಾಸಕರಲ್ಲೊಂದು ಅರಿಕೆ
ಸುತ್ತೂರು ಜಾತ್ರೆಗೆ ಮಂತ್ರಿಗಳು ಬರುತ್ತಾರೆ, ಶಾಸಕರು ಬರುತ್ತಾರೆ. ಸಾಮೂಹಿಕ ಮದುವೆಯಲ್ಲಿ ಅಕ್ಷತೆ ಹಾಕಿ, ಭಾಷಣ ಮಾಡಿ ಹೊರಡುತ್ತಾರೆ. ಕಾನೂನು ಮಾಡುವ ಮುನ್ನ ಇಲ್ಲಿ ಜನರ ಮಾತು ಕೇಳುವ ಸರದಿ ಮಾತ್ರ ಬಂದಿಲ್ಲ. ದ್ವೇಷ ಭಾಷಣ ತಡೆ ಮಸೂದೆಗೆ 2025ರ ಡಿಸೆಂಬರ್ 18ರಂದು ಬೆಳಗಾವಿಯಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು ಗದ್ದಲದ ನಡುವೆ. ಮಸೂದೆ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಜೈಲಿಗೆ ಕಳಿಸುವ ಕಾನೂನಂತೂ ಹೌದು. ಗ್ರೇಟರ್ ಬೆಂಗಳೂರು ಮಸೂದೆಗೆ ಜಂಟಿ ಪರಿಶೀಲನಾ ಸಮಿತಿ ಕೂತು ನಾಗರಿಕರ ಅಹವಾಲು ಕೇಳಿತ್ತು. ನಗರದ ಆಡಳಿತಕ್ಕೆ ಸಿಕ್ಕ ಆ ತಾಳ್ಮೆ ಮನುಷ್ಯನ ಸ್ವಾತಂತ್ರ್ಯದ ಪ್ರಶ್ನೆಗೆ ಬೇಡವೇ? ಜಾತ್ರೆಗೆ ಕಪಿಲೆಯ ದಡದಲ್ಲಿ ಜನ ಸೇರುವಾಗ, ಇಂಥ ಮಸೂದೆಗಳ ಬಗ್ಗೆ ಕೇಳಲು ಒಂದು ಮಧ್ಯಾಹ್ನ ಅಂಥ ಸಮಿತಿಯೂ ಕೂರಲಿ; ವಕೀಲರು, ಪೊಲೀಸರು, ಕೋರ್ಟಿಗೆ ಅಲೆದು ಸುಸ್ತಾದವರು ಮಾತಾಡಲಿ. ನಂಜನಗೂಡು, ತಿ. ನರಸೀಪುರದ ಶಾಸಕರೇ, ಈ ಬೇಡಿಕೆಯನ್ನು ಮೊದಲು ನೀವೇ ಸದನದಲ್ಲಿಡಿ.