ಚೆಲುವಿನ ಮಾತು: ಉಜ್ಜಿದರೆ ಹೋಗೋದು ಕೊಳೆ, ಬಣ್ಣ ಅಲ್ಲ!



ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. "ಸ್ನಾನಕ್ಕೆ ಮುಂಚೆ ಒಣ ಮೈಯನ್ನು ಬ್ರಷ್ಷಿನಿಂದ ಉಜ್ಜಿಕೊಂಡರೆ ತಾರೆಯರ ಹಾಗೆ ಮೈ ಹೊಳೆಯುತ್ತದಂತೆ, ನಿಜವೇ?" ಒಬ್ಬ ಹುಡುಗಿಯಂತೂ, "ಮುಂದಿನ ತಿಂಗಳು ಗಂಡಿನ ಕಡೆಯವರು ನೋಡೋಕೆ ಬರ್ತಾರೆ. ದಿನಕ್ಕೆ ಎಷ್ಟು ಹೊತ್ತು ಉಜ್ಜಿದರೆ ಅಷ್ಟರೊಳಗೆ ಬೆಳ್ಳಗಾಗ್ತೀನಿ?" ಅಂತ ಬರೆದಿದ್ದಾಳೆ. ಓದಿ ನನಗೆ ನಗು ಬರಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಬ್ರಷ್ಷಿನ ಸಮಾಚಾರ. ಇದು ಬರೀ ಫಾರಿನ್ ಫ್ಯಾಷನ್ ಅಂತ ಮೂಗು ಮುರಿಯಬೇಡಿ. ಪುಡಿ ಹಾಕಿ ಮೈ ತಿಕ್ಕುವ ಉದ್ವರ್ತನವನ್ನು ವಾಗ್ಭಟನ ಅಷ್ಟಾಂಗಹೃದಯ ದಿನಚರಿಯಲ್ಲೇ ಸೇರಿಸಿದೆ. ಹಬ್ಬದ ದಿನ ಎಣ್ಣೆ ಹಚ್ಚಿ, ಸೀಗೆಪುಡಿ, ಕಡಲೆಹಿಟ್ಟು ಹಾಕಿ, ಒಣಗಿದ ಹೀರೇಕಾಯಿ ನಾರಿನಿಂದ ನಮ್ಮ ಅಜ್ಜಿ ತಿಕ್ಕುತ್ತಿದ್ದರೆ ನಾವು ಬಚ್ಚಲಿನಿಂದ ಓಡಿಹೋಗುತ್ತಿದ್ದೆವು! ಪಾಶ್ಚಾತ್ಯರಲ್ಲಿ, ಫಿನ್ಲೆಂಡಿನಲ್ಲಿ ಹುಟ್ಟಿದ ಪ್ರಕೃತಿ ಚಿಕಿತ್ಸಕ ಪಾವೊ ಐರೋಲಾ 1970ರ ದಶಕದಲ್ಲಿ ಒಣ ಬ್ರಷ್ಷನ್ನು ಬಾಯ್ತುಂಬ ಹೊಗಳಿದರು. ಈ ಬ್ರಷ್ಷುಗಳಿಗೆ ಹಾಕುವ ಒಂದು ಬಗೆಯ ನಾರು ಮೆಕ್ಸಿಕೋ ದೇಶದ ಕತ್ತಾಳೆಯದು. ನಮ್ಮ ಹೊಲದ ಬೇಲಿಯ ಕತ್ತಾಳೆಗೆ ದಾಯಾದಿ ಅನ್ನಿ.

ಇದರಿಂದ ಆಗುವ ಲಾಭ ಏನು? ನಮ್ಮ ಚರ್ಮದ ಮೇಲ್ಪದರ ಸತ್ತ ಜೀವಕೋಶಗಳದ್ದು. ಕೆಳಗೆ ಹುಟ್ಟಿದ ಕೋಶ ಮೇಲೆ ಬಂದು ಉದುರಿಹೋಗಲು ಹರೆಯದಲ್ಲಿ ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಉದುರಲು ಸಿದ್ಧವಾಗಿ ನಿಂತ ಹೊಟ್ಟನ್ನು ಬ್ರಷ್ ತೆಗೆಯುತ್ತದೆ. ಮೈ ನುಣುಪಾಗುತ್ತದೆ, ಹಚ್ಚಿದ ಎಣ್ಣೆ ಚೆನ್ನಾಗಿ ಹರಡುತ್ತದೆ. ರಕ್ತ ನುಗ್ಗಿ ಸ್ವಲ್ಪ ಹೊತ್ತು ಕೆಂಪು ಕಳೆ ಬರುತ್ತದೆ. ಅಷ್ಟೇ. ದೇಹದ ವಿಷ ಹೊರಹೋಗುತ್ತದೆ ಅನ್ನುವುದು ಬರೀ ಮಾತು. ಆ ಕೆಲಸಕ್ಕೆ ಪಿತ್ತಜನಕಾಂಗ, ಮೂತ್ರಪಿಂಡಗಳಿವೆ. ತೊಡೆಯ ಮೇಲಿನ ಕುಳಿಗಳೂ ಹೋಗುವುದಿಲ್ಲ. ಅವು ಚರ್ಮದ ಕೆಳಗಿನ ಕೊಬ್ಬಿನ ಆಟ, ಬ್ರಷ್ ಅಲ್ಲಿಗೆ ಮುಟ್ಟುವುದೇ ಇಲ್ಲ.

ಇನ್ನು ಬಣ್ಣ. ಮೈಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಹೊರಚರ್ಮದ ತಳದಲ್ಲಿ. ಅಲ್ಲಿಯವರೆಗೆ ಉಜ್ಜಿದರೆ ಬರುವುದು ಬಿಳುಪಲ್ಲ, ರಕ್ತ. ತಾರೆಯರ ಮಾತು ಬಿಡಿ. ಕಪ್ಪು ಬಿಳುಪಿನ ಕಾಲದಲ್ಲೂ, 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ಪೂರ್ತಿ ವರ್ಣದಲ್ಲಿ ಬಂದ ಮೇಲೂ, ತೆರೆಯ ಮೇಲಿನ ಮೈಬಣ್ಣ ಮೇಕಪ್ಪಿನದು, ಲೈಟಿನದು. ಈಗ ಕಂಪ್ಯೂಟರಿನ ಮುಂದೆ ಕೂತು ಬಣ್ಣ ತಿದ್ದುವವರದ್ದೂ ಹೌದು.

ಈಗ ನನ್ನ ತಪ್ಪಿನ ಕತೆ. ಕೆಲವು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ಒಣ ಬ್ರಷ್ಷಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹೊಳಪು ಬರುತ್ತದೆ ಎಂದೆ, ಎಷ್ಟು ಸಾಕು ಎನ್ನಲಿಲ್ಲ. ಓದಿದವರಲ್ಲಿ ನನ್ನ ತಂಗಿಯ ಮಗಳೂ ಒಬ್ಬಳು. ಲಕ್ಷಣವಾದ ಹುಡುಗಿ, ಎಣ್ಣೆಗೆಂಪು ಬಣ್ಣ. ನೋಡಲು ಬಂದ ಯಾರೋ "ಹುಡುಗಿ ಸ್ವಲ್ಪ ಕಪ್ಪು" ಅಂದುಹೋಗಿದ್ದರು. ಸರಿ, ಫುಟ್‌ಪಾತಿನಲ್ಲಿ ಒಂದು ಒರಟು ನೈಲಾನ್ ಬ್ರಷ್ ಕೊಂಡು, ಬಚ್ಚಲ ಬಾಗಿಲು ಹಾಕಿಕೊಂಡು, ದಿನಾ ಅರ್ಧ ಗಂಟೆ ಉಜ್ಜಿದಳು. ಉರಿದರೆ ಕೊಳೆ ಬಿಡುತ್ತಿದೆ ಅಂದುಕೊಂಡಳಂತೆ ಪಾಪ.

ಆರು ತಿಂಗಳಲ್ಲಿ ಕತ್ತಿನ ಕೆಳಗಿನ ಮೂಳೆ, ಭುಜ, ಬೆನ್ನು ಕಪ್ಪಿಟ್ಟವು. ಮರಳಿನ ಮೇಲೆ ನೀರು ಹರಿದ ಹಾಗೆ ಅಲೆಅಲೆ ಗೆರೆ. ಚರ್ಮದ ಡಾಕ್ಟರು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಮೈ ತಿಕ್ಕೋಕೆ ಏನು ಬಳಸ್ತೀಯಮ್ಮಾ?"

ಅದು ತಿಕ್ಕಾಟದಿಂದಲೇ ಬಂದ ಕಪ್ಪು. ಮೂಳೆ ಎದ್ದು ಕಾಣುವ ಕಡೆ ದಿನವೂ ಒರಟಾಗಿ ಉಜ್ಜಿದರೆ, ಮೇಲಿರಬೇಕಾದ ಬಣ್ಣ ಒಳಚರ್ಮಕ್ಕೆ ಜಾರಿ ಅಲ್ಲೇ ಕೂತುಬಿಡುತ್ತದೆ. ಜಪಾನಿನ ವೈದ್ಯರು ನೈಲಾನ್ ಟವೆಲಿನಿಂದ ಹೀಗಾದದ್ದನ್ನು 1980ರ ದಶಕದಲ್ಲೇ ಬರೆದಿಟ್ಟಿದ್ದಾರೆ. ನಮ್ಮ ದೇಶದಲ್ಲೂ ಡಾಕ್ಟರುಗಳು ಇದನ್ನು ನೋಡುತ್ತಲೇ ಇದ್ದಾರೆ. ಒಮ್ಮೆ ಕೂತ ಮೇಲೆ ಹೋಗುವುದು ಬಲು ನಿಧಾನ.

ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅವಳು ಬೈಯಲಿಲ್ಲ, ಅಳಲಿಲ್ಲ. "ದೊಡ್ಡಮ್ಮ, ನೀವು ಬರೆದದ್ದನ್ನ ಓದಿ ಇನ್ನೂ ಎಷ್ಟು ಜನ ಹೀಗೆ ಉಜ್ಜಿಕೊಂಡಿರ್ತಾರೋ, ಅಲ್ವಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಮದುವೆ ಮನೆಗೆ ಬಂದರೆ ಅವಳು ಕತ್ತು ಮುಚ್ಚುವ ರವಿಕೆಯನ್ನೇ ತೊಡುತ್ತಾಳೆ.

ಆದ್ದರಿಂದ ಆಗ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಆಸೆಯಿದ್ದರೆ ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ ಸಾಕು. ಮೃದುವಾದ ನಾರಿನ ಬ್ರಷ್ ಇರಲಿ, ನೈಲಾನ್ ಬೇಡವೇ ಬೇಡ. ಪಾದದಿಂದ ಮೇಲಕ್ಕೆ, ಮಗುವಿನ ತಲೆ ಬಾಚುವಷ್ಟು ಹಗುರವಾಗಿ, ಒಟ್ಟು ಎರಡು ಮೂರು ನಿಮಿಷ. ಮುಖ, ಕತ್ತು, ಎದೆ, ಮೂಳೆ ಎದ್ದ ಜಾಗ ಬಿಡಿ. ಗಾಯ, ಬೆವರುಸಾಲೆ, ಇಸಬು, ಉಬ್ಬಿದ ನರ ಇದ್ದಲ್ಲಿ ಮುಟ್ಟಬೇಡಿ. ಸೋರಿಯಾಸಿಸ್ ಇದ್ದವರು ಉಜ್ಜಿದ ಕಡೆ ಹೊಸ ಕಲೆ ಏಳಬಹುದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೂ ಇದು ಬೇಡ. ಉರಿ ಬಂತೋ, ನಿಲ್ಲಿಸಿ. ಆಮೇಲೆ ಉಗುರು ಬೆಚ್ಚಗಿನ ನೀರಿನ ಸ್ನಾನ, ಮೈ ಇನ್ನೂ ಪಸೆಯಿರುವಾಗಲೇ ಎರಡು ಹನಿ ಕೊಬ್ಬರಿ ಎಣ್ಣೆ. ಬ್ರಷ್ಷನ್ನು ತೊಳೆದು ಬಿಸಿಲಿಗಿಡಿ, ಒಬ್ಬರದು ಒಬ್ಬರು ಬಳಸಬೇಡಿ. ಆಗಲೇ ಕಪ್ಪಿಟ್ಟಿದ್ದರೆ ಇನ್ನಷ್ಟು ಉಜ್ಜದೆ, ಅಂಗಡಿಯ ಕ್ರೀಮಿಗೆ ಕೈಹಾಕದೆ, ಚರ್ಮದ ಡಾಕ್ಟರಿಗೆ ತೋರಿಸಿ.

ಕೊನೆಗೆ ಕಾಗದ ಬರೆದ ಆ ಹುಡುಗಿಗೆ. ನೀನು ಕೇಳಿದ ಲೆಕ್ಕಕ್ಕೆ ಉತ್ತರ ಸೊನ್ನೆ ಕಣಮ್ಮಾ. ನಿನ್ನ ಬಣ್ಣ ಕೊಳೆಯಲ್ಲ, ಉಜ್ಜಿ ತೆಗೆಯೋಕೆ. ಗಂಡಿನ ಕಡೆಯವರು ಬರುವ ದಿನ ಚೆನ್ನಾಗಿ ನಿದ್ದೆ ಮಾಡಿ ಎದ್ದು, ನಿನಗೆ ಇಷ್ಟವಾದ ಸೀರೆ ಉಟ್ಟು ಬಾ. ಬಣ್ಣ ಸಾಲದು ಅಂದರೆ ಅವರು ಕಾಫಿ ಕುಡಿದು ಹೋಗಲಿ.

ಮುಂದಿನ ವಾರ ಹಿಮ್ಮಡಿ ಒಡೆತದ ವಿಚಾರ. ಕಾಗದ ಬರೆಯುತ್ತಿರಿ.